ಬೋರ್ಡು ಒರೆಸುವಷ್ಟು ಹೊತ್ತು

ಚಿಟ್ಟಿಯ ಅಮ್ಮ ದರ್ಜಿ. ಬೀದಿಯ ತಿರುವಿನಲ್ಲಿ ಅವಳ ಅಂಗಡಿ. ಹೊಲಿಗೆ ಮೆಷಿನ್ನಿಗಿಂತ ಅವಳ ಬಾಯಿಯೇ ಜೋರು ಎಂದು ಗಿರಾಕಿಗಳು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ ಬಿಡಿ, ಆ ಬಾಯಿ ಇಲ್ಲದಿದ್ದರೆ ಮಗಳು ಶಾಲೆಯ ಮೆಟ್ಟಿಲು ಹತ್ತುತ್ತಿದ್ದಳೇ? ಚಿಟ್ಟಿಗೆ ಬುದ್ಧಿ ಬೇಕಾದಷ್ಟಿದೆ, ಮಾತು ಮಾತ್ರ ತಡ. ಏನಾದರೂ ಕೇಳಿದರೆ ಕಣ್ಣು ಕಿರಿದಾಗುತ್ತದೆ, ತುಟಿ ಅದುರುತ್ತದೆ, ಪದ ಹೊರಬೀಳುವಷ್ಟರಲ್ಲಿ ಕೇಳಿದವರು ತಮ್ಮ ದಾರಿ ಹಿಡಿದಿರುತ್ತಾರೆ. ಹಿಂದಿನ ಶಾಲೆಯವರು "ಇದು ನಮ್ಮ ಕೈಲಾಗಲ್ಲ" ಎಂದು ಕೈತೊಳೆದುಕೊಂಡಿದ್ದರು. ಮನೆ ಹತ್ತಿರದ ಈ ಶಾಲೆಯ ಮೇಷ್ಟ್ರು ಮಾತ್ರ "ಬರ್ಲಿ ಬಿಡಿ, ನೋಡೋಣ" ಅಂದಿದ್ದರು. ಅಷ್ಟು ಸಲೀಸಾಗಿ ಅಂದದ್ದಕ್ಕೇ ಅಮ್ಮನಿಗೆ ಅನುಮಾನ ಬಂದಿತ್ತು.

ಇವತ್ತು ಇಲಾಖೆಯ ಮೇಡಂ ಬಂದಿದ್ದರು. ಚಿಟ್ಟಿ ಇಲ್ಲೇ ಓದಬಹುದೋ, ದೂರದ ವಿಶೇಷ ಶಾಲೆಗೆ ಕಳಿಸಬೇಕೋ ಎಂದು ತೀರ್ಮಾನಿಸುವವರು ಅವರೇ. ಆ ಶಾಲೆ ಕೆಟ್ಟದ್ದೇನಲ್ಲ. ಆದರೆ ಅಲ್ಲಿ ಹಾಸ್ಟೆಲಿನಲ್ಲೇ ಇರಬೇಕು, ಮಗಳ ಮುಖ ನೋಡಲು ರಜೆ ಬರುವ ತನಕ ಕಾಯಬೇಕು. ಮೇಷ್ಟ್ರು ಬರಹೇಳಿದ್ದರಿಂದ ಅಮ್ಮ ಅಂಗಡಿಗೆ ಬೀಗ ಜಡಿದು ಬಂದು, ಮಕ್ಕಳ ಪುಟ್ಟ ಬೆಂಚಿನಲ್ಲಿ ಹೇಗೋ ಮೈ ಮುದುಡಿಕೊಂಡು ಹಿಂದೆ ಕೂತಿದ್ದಳು. ಪಕ್ಕದಲ್ಲಿ ಒಬ್ಬಳು ಜಡೆ ಹುಡುಗಿ.

ಮೇಡಂ ಮಕ್ಕಳ ಕಡೆ ತಿರುಗಿ ಕೇಳಿದರು. "ಒದ್ದೆ ಬಟ್ಟೇನ ಹಗ್ಗದ ಮೇಲೆ ಹಾಕ್ತೀವಿ, ಒಣಗುತ್ತೆ. ಅದರಲ್ಲಿದ್ದ ನೀರು ಎಲ್ಲಿ ಹೋಯ್ತು? ಯಾರು ಹೇಳ್ತೀರಾ?"

ಒಬ್ಬರೂ ಕೈ ಎತ್ತಲಿಲ್ಲ. ಮೇಷ್ಟ್ರು ಡಸ್ಟರ್ ಹಿಡಿದು ಬೋರ್ಡು ಒರೆಸತೊಡಗಿದರು. ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ. ಆದರೂ ಆ ತುದಿಯಿಂದ ಈ ತುದಿಗೆ ಸಾವಕಾಶವಾಗಿ ಒರೆಸುತ್ತಲೇ ಇದ್ದರು. ಈ ಮನುಷ್ಯನಿಗೇನು ತಲೆ ಕೆಟ್ಟಿದೆಯೇ, ಮಾನ ಹೋಗುವ ಹೊತ್ತಿನಲ್ಲಿ ಇದೆಂಥ ಚೊಕ್ಕಟ ಎಂದು ಅಮ್ಮನಿಗೆ ಮೈಯೆಲ್ಲ ಉರಿಯಿತು.

"ಯಾರಿಗೂ ಗೊತ್ತಿಲ್ವಾ? ಇಡೀ ಕ್ಲಾಸೇ ಹೀಗಾ ಮೇಷ್ಟ್ರೇ?" ಮೇಡಂ ಹುಬ್ಬು ಗಂಟಿಕ್ಕಿದರು.

"ಗೊತ್ತಿದೆ ಮೇಡಂ. ಸ್ವಲ್ಪ ತಾಳಿ," ಎಂದರು ಮೇಷ್ಟ್ರು, ತಿರುಗದೆಯೇ.

ಚಿಟ್ಟಿಯ ತುಟಿ ಅದುರುತ್ತಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. "ಮೇಡಂ, ನಮ್ಮ ಹುಡುಗಿಗೆ ಗೊತ್ತು, ಅದು..." ಎಂದು ಅರ್ಧ ಎದ್ದೇಬಿಟ್ಟಳು. ಜಡೆ ಹುಡುಗಿ ಅವಳ ತೋಳು ಹಿಡಿದು ಜಗ್ಗಿದಳು.

"ಸುಮ್ನಿರಿ ಆಂಟಿ. ಮೇಷ್ಟ್ರು ಇನ್ನೂ ಒರೆಸಿ ಮುಗಿಸಿಲ್ಲ."

"ಒರೆಸಿದ್ರೆಷ್ಟು, ಬಿಟ್ರೆಷ್ಟು?"

"ಅವರು ಒರೆಸೋ ತನಕ ಯಾರೂ ಉತ್ತರ ಹೇಳಬಾರ್ದು. ಯೋಚನೆ ಮಾಡೋಕೆ ಎಲ್ರಿಗೂ ಟೈಮ್ ಬೇಕಲ್ವಾ? ನಂಗೂ ಬೇಕು."

ಅಮ್ಮ ಧೊಪ್ಪನೆ ಕೂತಳು. ಆಗ ಅವಳಿಗೆ ಕಂಡಿತು. ಮಕ್ಕಳೆಲ್ಲ ಡೆಸ್ಕಿನ ಮೇಲೆ ಕೈ ಊರಿ ಕಾಯುತ್ತಿದ್ದರು. ಮುಂದಿನ ಸಾಲಿನ ದಡಿಯನಂತೂ ಬಾಯಲ್ಲಿ ಉತ್ತರ ತುಂಬಿಕೊಂಡು, ಕೆನ್ನೆ ಉಬ್ಬಿಸಿ ಒದ್ದಾಡುತ್ತಿದ್ದ, ಆದರೂ ತುಟಿ ಬಿಚ್ಚಿರಲಿಲ್ಲ. ಹೆತ್ತವಳಾಗಿ ತಾನು ಒಂದು ದಿನವಾದರೂ ಹೀಗೆ ಕಾದಿದ್ದುಂಟೇ? ಮಗಳು "ನೀ" ಅನ್ನುವುದರೊಳಗೆ ನೀರಿನ ಲೋಟ ಹಿಡಿದು, ಅವಳ ಮಾತನ್ನೆಲ್ಲ ತಾನೇ ಆಡಿ ಮುಗಿಸಿ, ಅದನ್ನು ಪ್ರೀತಿ ಎಂದುಕೊಂಡಿದ್ದಳು. ನಾಚಿಕೆಯಾಯಿತು. ಆ ಮೇಷ್ಟ್ರ ಮೇಲೆ, ಈ ಪುಟಾಣಿಗಳ ಮೇಲೆ ಎಲ್ಲಿಲ್ಲದ ಗೌರವ ಉಕ್ಕಿತು.

ಮೇಷ್ಟ್ರು ಡಸ್ಟರ್ ಕೆಳಗಿಟ್ಟದ್ದೇ ತಡ, ಕೈಗಳೆಲ್ಲ ಮೇಲೆದ್ದವು. ಚಿಟ್ಟಿಯದೂ. ಮೇಡಂ ಅವಳತ್ತಲೇ ಬೆರಳು ತೋರಿಸಿದರು.

"ಗಾಳಿಗೆ... ಸೇರುತ್ತೆ. ಕಾಣಲ್ಲ... ಆದ್ರೆ ಇರುತ್ತೆ. ಕಾದ್ರೆ... ಬಟ್ಟೆ ತಾನೇ ಒಣಗುತ್ತೆ. ನಮ್ಮಮ್ಮ... ಕಾಯಲ್ಲ. ಒದ್ದೆ ಬಟ್ಟೆಗೇ... ಇಸ್ತ್ರಿ ಹಾಕ್ತಾಳೆ."

ತರಗತಿ ಗೊಳ್ಳೆಂದು ನಕ್ಕಿತು. ಅಮ್ಮನಿಗೆ ಬೆಂಚಿನ ಕೆಳಗೆ ನುಸುಳೋಣ ಅನ್ನಿಸಿತು, ಅಷ್ಟೇ ಹೆಮ್ಮೆಯೂ ಆಯಿತು. ಮಗಳು ಒಂದೇ ಸಲಕ್ಕೆ ಇಷ್ಟು ಮಾತು ಜೋಡಿಸಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ನಗು ತಗ್ಗಿದ ಮೇಲೆ ಮೇಡಂ ಕುರ್ಚಿ ಎಳೆದುಕೊಂಡು ಚಿಟ್ಟಿಯ ಎದುರು ಕೂತರು. "ನಿನ್ನಂಥ ಮಕ್ಕಳಿಗೇ ಅಂತ ಒಂದು ಒಳ್ಳೆ ಶಾಲೆ ಇದೆ ಕಣಮ್ಮ. ಅಲ್ಲಿಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ?"

ಉತ್ತರ ಅಮ್ಮನ ನಾಲಗೆ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡಳು. ಈ ಸಲ ಮೇಡಂ ಕೂಡ ಅವಸರ ಮಾಡಲಿಲ್ಲ.

"ಇಲ್ಲೇ," ಎಂದಳು ಚಿಟ್ಟಿ. ಗೆಳೆಯರನ್ನೆಲ್ಲ ಒಮ್ಮೆ ನೋಡಿ ಮುಂದುವರಿಸಿದಳು. "ನಾನು ಹೋದ್ರೆ... ಇವ್ರೆಲ್ಲ... ಮತ್ತೆ ಅವಸರ ಮಾಡೋಕೆ... ಶುರು ಮಾಡ್ತಾರೆ."

ಮೇಡಂ ಮೇಷ್ಟ್ರ ಮುಖ ನೋಡಿದರು. ಆಮೇಲೆ ಎದ್ದು, ಹಿಂದಿನ ಬೆಂಚಿನ ತನಕ ನಡೆದು ಬಂದು, "ಇಲ್ಲೇ ಓದ್ಲಿ ಅಮ್ಮ," ಎಂದರು. ಬಾಯಿಗೆ ಹೆಸರಾಗಿದ್ದ ದರ್ಜಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಜಡೆ ಹುಡುಗಿ ಅವಳ ಕಣ್ಣು ನೋಡಿ, "ಪರ್ವಾಗಿಲ್ಲ ಆಂಟಿ, ನಿಧಾನಕ್ಕೆ ಹೇಳಿ," ಎಂದಳು.