ಬದರೀನಾಥರು ಕೇಳಿದ ಲೆಕ್ಕ ಶೀರ್ಷಿಕೆ

ಅಮೃತಹಳ್ಳಿಯ ಬದರೀನಾಥರ ಮನೆಯಲ್ಲಿ ಫೋನ್ ರಿಂಗಾದರೆ ಸಾಕು, ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕ್ರೆಡಿಟ್ ಕಾರ್ಡಿನವರ ಕರೆ. "ಸಾರ್, ಒಂದು ಲಕ್ಷದ ಎಂಬತ್ತೆರಡು ಸಾವಿರ ಬಾಕಿ ಇದೆ. ಯಾವಾಗ ಕಟ್ತೀರಾ?"

ಈ ಸಾಲ ಹೇಗಾಯಿತು ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಬದರೀನಾಥರು ಖಜಾನೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಜಕ್ಕೂರು ಕೆರೆಯ ಹತ್ತಿರ ಬೆಳಿಗ್ಗೆ ವಾಕಿಂಗ್ ಮಾಡುವ ಅವರ ಗುಂಪಿನಲ್ಲಿ ಆಗ ಕ್ರೆಡಿಟ್ ಕಾರ್ಡ್ ಇದ್ದದ್ದು ಅವರೊಬ್ಬರಿಗೇ. ಹಬ್ಬದ ಸೇಲಿನಲ್ಲಿ ಕಾರ್ಡಿದ್ದವರಿಗೆ ರಿಯಾಯಿತಿ ಬೇರೆ. "ಬದರಿ, ನಂದೊಂದು ಫ್ರಿಜ್ ನಿನ್ ಕಾರ್ಡಲ್ಲಿ ತಗೊಳ್ಳೋ" ಎಂದು ಒಬ್ಬರು, "ನಂದೊಂದು ವಾಷಿಂಗ್ ಮೆಷಿನ್ ಕಣೋ" ಎಂದು ಇನ್ನೊಬ್ಬರು. ಇವರಿಗೂ ಖುಷಿ, ಎಲ್ಲರಿಗೂ ತಾನು ಬೇಕಾದವನಾದೆನಲ್ಲ ಎಂದು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರೆ. ಇಲ್ಲಿ ಹಾಗೇನೂ ಆಗಲಿಲ್ಲ. ಸ್ನೇಹಿತರೆಲ್ಲ ಮರ್ಯಾದಸ್ಥರು, ಒಬ್ಬೊಬ್ಬರಾಗಿ ನಗದು ತಂದುಕೊಟ್ಟರು. ಆದರೆ ಆ ದುಡ್ಡು ಕಾರ್ಡಿಗೆ ಹೋಗಲಿಲ್ಲ. ಮನೆಗೆ ಸುಣ್ಣಬಣ್ಣ, ಷಡ್ಡಕನ ಮಗಳ ಮದುವೆಗೆ ಉಡುಗೊರೆ ಎಂದು ಕರಗಿಹೋಯಿತು. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಬರೆದಿದ್ದಷ್ಟನ್ನೇ ಪ್ರತಿ ತಿಂಗಳೂ ಕಟ್ಟಿ, ಕೆಲಸ ಮುಗಿಯಿತು ಎಂದುಕೊಂಡರು. ಉಳಿದ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯಂತೆ ಬಡ್ಡಿ ಬೆಳೆಯುತ್ತಿದ್ದದ್ದು ಖಜಾನೆಯ ಈ ಮಹಾನುಭಾವರ ಕಣ್ಣಿಗೇ ಬೀಳಲಿಲ್ಲ! ಕೊನೆಗೆ ಆ ಕನಿಷ್ಠ ಮೊತ್ತವನ್ನೂ ಕಟ್ಟಲಾಗದೆ ಹೋದಾಗ ಕರೆಗಳು ಶುರುವಾದವು.

ಒಂದು ಶುಕ್ರವಾರ ಅವರ ವಾಟ್ಸಾಪಿಗೆ ಒಂದು ಪತ್ರ ಬಂತು. 'ರಾಷ್ಟ್ರೀಯ ಋಣಮುಕ್ತಿ ಅನುದಾನ. ನಿಮ್ಮ ಕ್ರೆಡಿಟ್ ಕಾರ್ಡ್ ಸಾಲವನ್ನು ಸರ್ಕಾರವೇ ಪೂರ್ತಿ ತೀರಿಸಲಿದೆ. ಪರಿಶೀಲನಾ ಶುಲ್ಕ ರೂ. 22,000 ಮಾತ್ರ, ಕೆಳಗಿನ ಮೊಬೈಲ್ ನಂಬರಿಗೆ ಕಳಿಸಿ. ಹತ್ತು ದಿನದಲ್ಲಿ ಅನುದಾನ ಜಮಾ.' ಮೇಲೆ ಲಾಂಛನ, ಪಕ್ಕದಲ್ಲಿ ಕಡತದ ಸಂಖ್ಯೆ, ಕೆಳಗೆ ದುಂಡು ಮೊಹರು, ಅದರ ಮೇಲೆ ಹಸಿರು ಶಾಯಿಯ ಸಹಿ.

"ನೋಡೇ, ಹಸಿರು ಇಂಕು! ಗೆಜೆಟೆಡ್ ಆಫೀಸರ್ ಸಹಿ ಇದು" ಎಂದು ಬದರೀನಾಥರು ಕುಣಿದಾಡಿಬಿಟ್ಟರು. "ಬೀರುವಿನಲ್ಲಿರೋ ದುಡ್ಡು ತಗೊಂಡ್ ಬಾ."

ಹೆಂಡತಿ ವೇದವತಮ್ಮ ಬೀರುವಿಗೆ ಬೆನ್ನು ಕೊಟ್ಟು ನಿಂತರು. "ಅದು ಮಹತಿ ಕಾಲೇಜ್ ಫೀಸ್ ಕಣ್ರೀ. ಸೋಮವಾರ ಕೊನೇ ದಿನ. ಕಟ್ಟದಿದ್ರೆ ಪರೀಕ್ಷೆಗೆ ಕೂರಿಸಲ್ಲ ಅಂದಿದ್ದಾರೆ."

"ಹತ್ತು ದಿನದಲ್ಲಿ ಅನುದಾನ ಬರುತ್ತಲ್ಲೇ!"

"ಹತ್ತು ದಿನ ಕಾಲೇಜಿನೋರು ಕಾಯ್ತಾರೇನ್ರೀ?"

ಮಗಳು ಮಹತಿ ಎಂಎಸ್ಸಿ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ತಾಯಿಗೆ ಅಷ್ಟು ಸಾಕಾಯಿತು. ನೇರವಾಗಿ ಎದುರು ಮನೆಗೆ ಹೋಗಿ ಪ್ರತಿಭಾಳನ್ನು ಕರೆದುಕೊಂಡು ಬಂದರು. ಪ್ರತಿಭಾ ಯಲಹಂಕದ ಬ್ಯಾಂಕೊಂದರಲ್ಲಿ ಅಧಿಕಾರಿ.

ಪತ್ರ ನೋಡಿದ ಪ್ರತಿಭಾ, "ಅಂಕಲ್, ಇದು ಮೋಸ. ಕ್ರೆಡಿಟ್ ಕಾರ್ಡ್ ಸಾಲ ತೀರ್ಸೋಕೆ ಅಂತ ದುಡ್ಡು ಕೊಡೋ ಸ್ಕೀಮ್ ಸರ್ಕಾರದಲ್ಲಿ ಇಲ್ವೇ ಇಲ್ಲ" ಎಂದಳು.

"ನೀನು ಬ್ಯಾಂಕಿನೋಳಮ್ಮ. ಸರ್ಕಾರದ ಕಾಗದದ ವಿಚಾರ ನಿನಗೇನ್ ಗೊತ್ತು?" ಬದರೀನಾಥರಿಗೆ ಕೋಪ ಬಂತು.

"ನನಗೆ ಗೊತ್ತಿಲ್ಲ, ಒಪ್ಕೋತೀನಿ. ನಿಮಗೆ ಗೊತ್ತಲ್ಲ, ನೀವೇ ಹೇಳಿ. ಮೂವತ್ತೆರಡು ವರ್ಷದ ಸರ್ವೀಸಲ್ಲಿ ಎಷ್ಟೋ ಜನಕ್ಕೆ ಅನುದಾನದ ಬಿಲ್ ಪಾಸ್ ಮಾಡಿದ್ದೀರಾ. ದುಡ್ಡು ಕೊಡೋಕ್ ಮುಂಚೆ ಅವರ ಹತ್ರಾನೇ ದುಡ್ಡು ಇಸ್ಕೊಂಡಿದ್ರಾ?"

ಬದರೀನಾಥರು ಕನ್ನಡಕ ಒರೆಸಿ ಹಾಕಿಕೊಂಡು ಪತ್ರವನ್ನು ಮತ್ತೆ ಓದಿದರು. ಈ ಸಲ ಸಾಲಗಾರನ ಹಾಗೆ ಓದಲಿಲ್ಲ, ಖಜಾನೆಯವರ ಹಾಗೆ ಓದಿದರು.

"ಥೂ ಇವನ... ಇದರಲ್ಲಿ ಲೆಕ್ಕ ಶೀರ್ಷಿಕೇನೇ ಇಲ್ವಲ್ಲ!"

"ಹಾಗಂದ್ರೆ ಏನಪ್ಪಾ?" ಎಂದಳು ಮಹತಿ.

"ಸರ್ಕಾರದ ಒಂದೊಂದ್ ರೂಪಾಯಿಗೂ ಅದು ಯಾವ ಬಾಬ್ತಿನದು ಅಂತ ಒಂದು ನಂಬರ್ ಇರುತ್ತಮ್ಮ. ಆ ನಂಬರ್ ಇಲ್ದೇ ಖಜಾನೆಯಿಂದ ಒಂದು ಪೈಸೆ ಹೊರಗ್ ಬರಲ್ಲ. ಸರ್ಕಾರಕ್ಕೆ ಕಟ್ಟೋ ಶುಲ್ಕಾನೂ ಚಲನ್ನಲ್ಲಿ ಕಟ್ಬೇಕು. ಇವನು ಯಾರೋ ಖಾಸಗಿಯವನ ಮೊಬೈಲ್ ನಂಬರಿಗೆ ಹಾಕು ಅಂತಾನೆ. ಹಸಿರು ಇಂಕು ನೋಡಿ ಮರುಳಾದ್ನಲ್ಲೇ ನಾನು!"

ಅಷ್ಟರಲ್ಲಿ ಫೋನ್ ಬಂತು. 'ಅನುದಾನ ಅಧಿಕಾರಿ'ಯದೇ. ಬದರೀನಾಥರು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು.

"ಸಾರ್, ಬೇಗ ಕಟ್ಟಿ. ಇವತ್ತೇ ಲಾಸ್ಟ್ ಡೇಟು."

"ಕಟ್ತೀನಿ ಸ್ವಾಮಿ. ನಿಮ್ಮ ಅನುದಾನದ ಲೆಕ್ಕ ಶೀರ್ಷಿಕೆ ಎಷ್ಟು?"

"ಅದು... ಸಾರ್, ಒಂದು ಓಟಿಪಿ ಬರುತ್ತೆ, ಅದನ್ನ ಹೇಳಿದ್ರೆ ಸಾಕು."

"ಓಟಿಪಿ ಬೇಡಪ್ಪ, ಲೆಕ್ಕ ಶೀರ್ಷಿಕೆ ಹೇಳು. ಯಾವ ಖಜಾನೆ? ಬಿಲ್ಲಿಗೆ ಸಹಿ ಮಾಡೋ ಅಧಿಕಾರಿ ಯಾರು? ಹೇಳಯ್ಯಾ!"

ಆ ಕಡೆ ಫೋನ್ ಕಟ್ಟಾಯಿತು. ಬದರೀನಾಥರು ಮತ್ತೆ ತಾವೇ ಫೋನ್ ಮಾಡಿದರು. ಸ್ವಿಚ್ ಆಫ್! ಮಹತಿ ಬಿದ್ದು ಬಿದ್ದು ನಕ್ಕಳು. ಆ ಮನೆಯಲ್ಲಿ ಅಂಥ ನಗು ಕೇಳಿ ತಿಂಗಳುಗಳೇ ಆಗಿದ್ದವು. ಪ್ರತಿಭಾ ಹೇಳಿದಂತೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಆ ನಂಬರಿನ ಮೇಲೆ ದೂರನ್ನೂ ಕೊಟ್ಟರು.

"ಕಳ್ಳ ಓಡಿದ, ಸರಿ. ಸಾಲ ಇಲ್ಲೇ ಇದೆಯಲ್ಲಮ್ಮ" ಎಂದರು ವೇದವತಮ್ಮ.

"ಅದಕ್ಕೂ ದಾರಿ ಇದೆ ಆಂಟಿ. ಬ್ಯಾಂಕಿಂದ ಓಡ್ಬೇಡಿ, ಬ್ಯಾಂಕಿಗೇ ಹೋಗಿ. ಬಾಕಿನೆಲ್ಲ ಕಡಿಮೆ ಬಡ್ಡಿಗೆ ಕಂತು ಮಾಡ್ಕೊಡಿ ಅಂತ ಬರೆದು ಕೇಳಿ. ಅರ್ಧಂಬರ್ಧ ಕೊಟ್ಟು ಸೆಟ್ಲ್‌ಮೆಂಟ್ ಮಾಡ್ಕೋಬೇಡಿ, ಮುಂದೆ ಮಹತಿ ಓದಿಗೆ ಅಂತ ಅಂಕಲ್ ಸಾಲ ಕೇಳಿದ್ರೆ ಸಾಲದ ದಾಖಲೆಯಲ್ಲಿ ಅದು ಕಂಡು ಅಡ್ಡ ಬರುತ್ತೆ."

ಸೋಮವಾರ ಬೆಳಿಗ್ಗೆ ಮೊದಲು ಕಾಲೇಜಿನ ಫೀಸ್ ಕಟ್ಟಿದರು. ಆಮೇಲೆ ಬದರೀನಾಥರು ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋದರು. 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ವಿಶ್ವಾಸಿ' ಎಂದು ಮುಗಿಯುವ ಒಂದು ಪುಟದ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬಂದರು. ಹನ್ನೆರಡನೇ ದಿನಕ್ಕೆ ಉತ್ತರ ಬಂತು. ಇಪ್ಪತ್ತನಾಲ್ಕು ಕಂತು, ತಿಂಗಳಿಗೆ ಒಂಬತ್ತು ಸಾವಿರದೊಳಗೆ, ಬಡ್ಡಿ ಮೊದಲಿನ ಅರ್ಧಕ್ಕಿಂತ ಕಡಿಮೆ. ಪಿಂಚಣಿಯಲ್ಲಿ ತೂಗಿಸಬಹುದು. ಕಾರ್ಡನ್ನು ಅವರೇ ಹೇಳಿ ಬ್ಲಾಕ್ ಮಾಡಿಸಿದರು.

ಮಾರನೆಯ ದಿನ ಕೆರೆಯ ಹತ್ತಿರ, ವಾಕಿಂಗ್ ಗೆಳೆಯರ ಮುಂದೆ ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದರು. ವೀರಬಸಪ್ಪನವರು ಮೆಲ್ಲಗೆ ಜೇಬಿನಿಂದ ಮೊಬೈಲ್ ತೆಗೆದರು. ಅದೇ ಪತ್ರ, ಅದೇ ಹಸಿರು ಸಹಿ!

"ಇವತ್ತು ಹತ್ತು ಗಂಟೆಗೆ ಹಾಕ್ತೀನಿ ಅಂದಿದ್ದೆ ಕಣಯ್ಯಾ ಬದರಿ. ನಿನ್ನ ನೋಡಿ ನಾನೂ ಒಂದು ಕಾರ್ಡ್ ತಗೊಂಡು ಸಾಲ ಮಾಡ್ಕೊಂಡಿದ್ದೆ, ಮಗನಿಗೂ ಹೇಳಿರ್ಲಿಲ್ಲ. ಉಳಿಸ್ಬಿಟ್ಟೆ ನನ್ನ!" ಎಂದು ಬದರೀನಾಥರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಓದುಗರೇ, ಸಾಲ ಮಾಡಿದವರೆಲ್ಲ ಕೆಟ್ಟವರಲ್ಲ. ಮುಚ್ಚಿಟ್ಟರೆ ಮಾತ್ರ ಕೆಡುತ್ತೀರಿ. ನಿಮ್ಮ ಕಾರ್ಡಿನ ಸಾಲ ತೀರಿಸಲು ಯಾವ ಸರ್ಕಾರವೂ ಅನುದಾನ ಕೊಡುವುದಿಲ್ಲ. ಕೊಡಿಸುತ್ತೇನೆ ಎಂದು ಶುಲ್ಕ ಕೇಳುವವನು ಕಳ್ಳ. ದುಡ್ಡು ಕಳಿಸಿಬಿಟ್ಟಿದ್ದರೆ ಅಳುತ್ತಾ ಕೂರಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬಿಲ್ಲನ್ನು ಪೂರ್ತಿ ಕಟ್ಟಿ. ಆಗದಿದ್ದರೆ ಬ್ಯಾಂಕಿಗೆ ಹೋಗಿ ಕಂತು ಕೇಳಿ, ಬರವಣಿಗೆಯಲ್ಲೇ ಕೇಳಿ. ನೀವು ಕೊಟ್ಟ ದೂರಿಗೆ ಮೂವತ್ತು ದಿನದೊಳಗೆ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡಿ ಕಾಡುವಂತಿಲ್ಲ.

ಇವತ್ತೇ ಮನೆಯವರನ್ನು ಕೂರಿಸಿಕೊಂಡು ನಿಮ್ಮ ಬಾಕಿ ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಿ. ಬೈದರೆ ಬೈಸಿಕೊಳ್ಳಿ. ದಾರಿ ಹುಡುಕುವವರೂ ಅವರೇ.