ಆರು ಮಿಲಿಮೀಟರಿನ ಕಾಲೆಟ್

ಲೇಥಿನ ಬಾಯಲ್ಲಿ ಕಾಲೆಟ್ ಬಿಗಿಯಾಗಿ ಮುಚ್ಚಿಕೊಂಡಿದ್ದನ್ನು ಕಂಡು ಎಲ್ಲರೂ ಉಸ್ತಾ, ಅಂದರೆ ಮೇಸ್ತ್ರಿ, ಎನ್ನುವ ರಾಗಿಬ್ ಅಲ್ಲೇ ನಿಂತುಬಿಟ್ಟ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅತ್ತಾರೀನ್ ಪೇಟೆಯ ತನ್ನ ಅಂಗಡಿಗೆ ಇವತ್ತೇ ಮೊದಲು ಕಾಲಿಟ್ಟಿದ್ದ.

"ಇದನ್ನ ಬಿಗಿ ಮಾಡಿದ್ದು ಯಾರು?"

"ನಾನೇ," ಎಂದಳು ಹೆಂಡತಿ ಇನ್ಶಿರಾಹ್, ಚಹಾ ಲೋಟ ತೊಳೆಯುತ್ತ. "ಪಕ್ಕದಂಗಡಿಯವನು ಇದನ್ನ ಒಂದಿನದ ಮಟ್ಟಿಗೆ ಕೊಡಿ ಅಂತ ಎರಡು ಸಲ ಬಂದಿದ್ದ. ಮೆಷಿನ್ನಿಗೇ ಹಾಕಿ ತಿರುಗಿಸಿಬಿಟ್ಟೆ. ಈಗ ಕಿತ್ಕೊಂಡು ಹೋಗ್ಲಿ ನೋಡೋಣ."

ರಾಗಿಬ್ ಸ್ಟೂಲಿನ ಮೇಲೆ ಕುಸಿದ. ಮೂರು ಸೀಳಿನ ಆ ಉಕ್ಕಿನ ಕೊಳವೆ ಸಣ್ಣ ಕಡ್ಡಿಯನ್ನು ಗಾಯ ಮಾಡದೆ ಸುತ್ತಲೂ ಹಿಡಿಯುತ್ತದೆ. ಅದರ ಹೊಟ್ಟೆಯಲ್ಲಿ ಕಡ್ಡಿ ಇಲ್ಲದೆ ಬಿಗಿದರೆ ಮಾತ್ರ ಒಳಕ್ಕೆ ಬಾಗಿ, ಜನ್ಮಕ್ಕೆ ನೆಟ್ಟಗಾಗುವುದಿಲ್ಲ. ಆರು ಮಿಲಿಮೀಟರಿನದು ಅವನಲ್ಲಿದ್ದದ್ದು ಅದೊಂದೇ.

ಬಾಗಿಲಲ್ಲಿ ತುತ್ತೂರಿಯ ಶೌಕಿ ನಿಂತಿದ್ದ. ಅವನ ತುತ್ತೂರಿಯ ಗುಂಡಿಯೊಂದರ ಹಿತ್ತಾಳೆ ಕಡ್ಡಿ ಮುರಿದಿತ್ತು. ಇನ್ನೊಬ್ಬ ಮೇಸ್ತ್ರಿ ಕಾಲೆಟ್ ಇಲ್ಲದೆ, ಲೇಥಿನ ಹಲ್ಲುಳ್ಳ ಚಕ್ಕಿನಲ್ಲಿ ಹಿಡಿದು ಮಾಡಿಕೊಟ್ಟ ಕಡ್ಡಿಯ ಮೈತುಂಬ ಹಲ್ಲಿನ ಗುರುತು. ಗುಂಡಿಯೊಳಗೆ ಅದು ಜಾರುತ್ತಲೇ ಇರಲಿಲ್ಲ. ಸಂಜೆಯ ಮದುವೆ ಮೆರವಣಿಗೆಯಲ್ಲಿ ಊದದಿದ್ದರೆ ಬ್ಯಾಂಡಿನಲ್ಲಿ ಅವನ ಜಾಗ ಬೇರೆಯವನ ಪಾಲು.

"ಆಗುತ್ತೆ ತಾನೇ, ಉಸ್ತಾ?"

"ಆಗ್ತಿತ್ತಪ್ಪ. ಮೂವತ್ತು ವರ್ಷ ಕಾಪಾಡಿದ್ದನ್ನ ನಮ್ಮ ಮನೆಯವಳು ಒಂದೇ ತಿರುವಿಗೆ ಮುಗಿಸಿದಳು."

"ಖಾಲಿ ಇತ್ತು ಅಂತ ನಿಮಗೆ ಯಾರು ಹೇಳಿದ್ರು?" ಇನ್ಶಿರಾಹ್ ತಲೆ ಎತ್ತಲೂ ಇಲ್ಲ. "ಕೆಲಸಕ್ಕೆ ಬಂದ ಒಬ್ಬೊಬ್ಬನಿಗೂ 'ಖಾಲಿ ಬಿಗೀಬೇಡ್ವೋ ಕತ್ತೆ' ಅಂತ ಬೈತಿದ್ರಿ. ಊಟ ತರೋ ನಾನು ಕಿವೀನ ಮನೇಲಿಟ್ಟು ಬರ್ತಿದ್ನಾ? ಹೊಸ ಕಣ್ಣು ಬಂದ್ರೂ ನೋಡೋದು ಮಾತ್ರ ಬರಲಿಲ್ಲ ನಿಮಗೆ."

ರಾಗಿಬ್ ಲೇಥಿನ ಹಿಂದಿನ ಚಕ್ರವನ್ನು ಸಡಿಲಿಸಿದ. ಕಾಲೆಟ್ ತೆರೆದುಕೊಂಡಿತು. ಬಾಯಿಯ ಮಟ್ಟಕ್ಕೆ ಕತ್ತರಿಸಿದ್ದ ಅಲ್ಯುಮಿನಿಯಂ ತುಂಡೊಂದು ಅಂಗೈಗೆ ಜಾರಿತು. ಒಳಗಿದ್ದ ತುದಿ ಮೊನಚಾಗಿತ್ತು. ಹೆಣಿಗೆಯ ಕಡ್ಡಿ.

"ಆ ದಪ್ಪದ್ದು ನಿಮ್ಮ ಡಬ್ಬಿಯಲ್ಲಿ ಸಿಗಲಿಲ್ಲ, ನನ್ನದನ್ನೇ ಕತ್ತರಿಸಿದೆ," ಎಂದಳು. "ಸ್ವೆಟರ್ ಅರ್ಧಕ್ಕೇ ನಿಂತಿದೆ, ಇರಲಿ ಬಿಡಿ."

ಹೋದ ಜೀವ ಬಂದಂತಾಗಿ ರಾಗಿಬ್ ಜೋರಾಗಿ ನಕ್ಕ. ಹೊಸ ಹಿತ್ತಾಳೆ ಕಡ್ಡಿ ಹಾಕಿ ತಿರುಗಿಸಿದ, ಒಂದಿಷ್ಟೂ ಓಲಾಡಲಿಲ್ಲ. ಅರ್ಧ ಗಂಟೆಯಲ್ಲಿ ಕಡ್ಡಿ ತುತ್ತೂರಿಯಲ್ಲಿ ಕೂತಿತು. ಶೌಕಿ ಗುಂಡಿ ಒತ್ತಿದ, ಅದು ಇಳಿಯಿತು, ತಾನಾಗಿ ಮೇಲೆ ಬಂತು. ಇನ್ನೊಮ್ಮೆ ಒತ್ತಿ ನೋಡಿ, ಚಹಾಕ್ಕೂ ನಿಲ್ಲದೆ ಓಡಿದ.

ರಾಗಿಬ್ ಮೂಲೆಯಿಂದ ಅಲ್ಯುಮಿನಿಯಂ ಸರಳೊಂದನ್ನು ಹುಡುಕಿ ತಂದ.

"ಉದ್ದ ಎಷ್ಟಿರಬೇಕು?"

ಇನ್ಶಿರಾಹ್ ಒದ್ದೆ ಕೈಗಳೆರಡನ್ನೂ ಎತ್ತಿ ಅಗಲಿಸಿ ಹಿಡಿದಳು. ರಾಗಿಬ್ ಹತ್ತಿರ ಬಂದು, ಅವುಗಳ ನಡುವೆ ಅಳತೆಪಟ್ಟಿ ಇಟ್ಟು, ಬಗ್ಗಿ ಓದಿದ.