ಉಡಿ ತುಂಬಿದ ಮೇಲೆ

"ನಿನ್ ಮಷೀನಿಗೆ ಸುಜಾತಾನ್ನ ಕೂಡ್ಸ್ಯಾರ ಭುವನಾ. ನೀನು ಕೆಲಸ ಬಿಟ್ಟೀಯಂತ," ಎಂದು ಜೊತೆಗೆ ಹೊಲಿಯುವ ಚಂದ್ರಕಲಾ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು.

ಏಳು ತಿಂಗಳ ಹೊಟ್ಟೆ ಹೊತ್ತು ಭುವನಾ ರಾಯದುರ್ಗದ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಳು. ಕೇಳಿದ್ದು ಅವತ್ತೊಂದು ದಿನದ ರಜೆ ಅಷ್ಟೇ.

"ಯಾರಂದ್ರು ಬಿಟ್ಟೀನಿ ಅಂತ?"

"ಮಾಲೀಕರ ಹೆಂಡ್ತಿ ನಿಮ್ಮನಿಗೆ ಹೋಗಿ ಉಡಿ ತುಂಬಿ ಬಂದ್ರಂತಲ್ಲ."

ಭುವನಾ ಸಾಲು ಬಿಟ್ಟು ಮನೆ ಕಡೆ ಹೊರಟಳು.

ಮಾಲೀಕ ಉಮಾಮಹೇಶ್ವರನ ಜೀನ್ಸ್ ಶೆಡ್ಡಿನಲ್ಲಿ ಅದೊಂದು ರೂಢಿ. ಹೊಲಿಯುವ ಹೆಂಗಸು ಬಸುರಿಯಾದರೆ ಅವನ ಹೆಂಡತಿ ಅಕ್ಕಿ, ಕೊಬ್ಬರಿ, ಕುಬುಸದ ಕಣ, ಹಸಿರು ಬಳೆ ತಂದು ಉಡಿ ತುಂಬುತ್ತಾಳೆ. ಕೆಲಸ ಬಿಡು ಎಂದು ಯಾರೂ ಅನ್ನುವುದಿಲ್ಲ. ಹೆತ್ತು ಬಾಣಂತನ ಮುಗಿಸಿ ಬಂದರೆ ಮಷೀನು ಖಾಲಿ ಇರುವುದಿಲ್ಲ. ಹೋದ ವರ್ಷ ಉಡಿ ತುಂಬಿಸಿಕೊಂಡ ಚಿನ್ನಕ್ಕ ಈಗ ಮನೆಯಲ್ಲಿ ಕೂತು ಪುಡಿಗಾಸಿಗೆ ಪ್ಯಾಂಟುಗಳ ದಾರ ಕತ್ತರಿಸುತ್ತಾಳೆ. ಅದಕ್ಕೇ ಭುವನಾ ಗಂಡನ ಅಂಗಿ ಮೇಲೆ ಹಾಕಿಕೊಂಡು ಹೊಟ್ಟೆ ಮುಚ್ಚಿಟ್ಟಿದ್ದಳು. ಆಸ್ಪತ್ರೆಗೆ ಅಂತ ರಜೆ ಕೇಳಿದ್ದೇ ಗುಟ್ಟು ಬಿಟ್ಟುಕೊಟ್ಟಿತ್ತು.

ಮನೆಗೆ ಬಂದರೆ ಅತ್ತೆ ದ್ಯಾಮಮ್ಮನ ಮುಖ ಅರಳಿತ್ತು. "ನೀನಿಲ್ಲ ಅಂತ ನಾನೇ ಸೆರಗೊಡ್ಡಿ ತಗೊಂಡೆ. ಓಣಿಯೆಲ್ಲ ನೋಡ್ತು."

"ಅದನ್ನ ತಗೊಂಡ್ರ ಕೆಲಸ ಬಿಟ್ಟಂಗ ಲೆಕ್ಕ, ಅತ್ತಿ. ವಾಪಸ್ ಕೊಟ್ಟು ಬರ್ತೀನಿ."

"ಬಿಡ್ತು ಅನ್ನು. ತುಂಬಿದ ಉಡಿ ಯಾರಾರ ಬರಿದು ಮಾಡ್ತಾರೇನು? ಹೊಟ್ಟ್ಯಾಗ ಕೂಸೈತಿ."

ಇಂಥದ್ದನ್ನೆಲ್ಲ ಭುವನಾ ನಂಬುವವಳಲ್ಲ. ಆದರೂ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಇಟ್ಟುಕೊಂಡರೆ ಕೆಲಸ ಹೋಯಿತು, ತಿರುಗಿಸಿದರೆ ಅಪಶಕುನ. ಆಟೋ ಓಡಿಸುವ ಗಂಡ ರವಿಶಂಕರನಿಗೆ ಫೋನು ಮಾಡಿದಳು. "ನಮ್ಮವ್ವನ ಕೂಡ ಜಗಳ ತಗೀಬ್ಯಾಡ. ಪ್ಯಾಸೆಂಜರ್ ಅದಾರ," ಎಂದು ಇಟ್ಟುಬಿಟ್ಟ.

ಮಾಲೀಕನಿಗೂ ಮಾಡಿದಳು. ಅವನ ದನಿ ಬೆಣ್ಣೆ ಸವರಿದಂತಿತ್ತು. "ನಿನ್ನ ಯಾರು ತಗದಾರಮ್ಮ? ತವರುಮನಿಯೋರಂಗ ಮರ್ಯಾದಿ ಮಾಡಿ ಕಳಸೀವಿ. ನಿಮ್ಮತ್ತಿ ನಕ್ಕೋತ ತಗೊಂಡಾಳ, ಕೇಳು."

ಕೊನೆಗೆ ಚಂದ್ರಕಲಾ ಕೊಟ್ಟ ನಂಬರಿಗೆ ಮಾಡಿದಳು. ಲೇಬರ್ ಆಫೀಸಿನ ಮೇಡಂ ಪೂರ್ತಿ ಕೇಳಿಸಿಕೊಂಡರು.

"ಬಸುರಿ ಅಂತ ಕೆಲಸದಿಂದ ತೆಗಿಯೋ ಹಂಗಿಲ್ಲಮ್ಮ. ಮೊದಲ್ನೇ ಕೂಸು ಅಂತೀರಿ, ಇಪ್ಪತ್ತಾರು ವಾರ ಸಂಬಳದ ರಜಾ ಬರತ್ತೆ. ಶೆಡ್ಡಲ್ಲಿ ಎಷ್ಟು ಜನ?"

"ಮೂವತ್ತರ ಮ್ಯಾಲ ಅದಾರ್ರಿ."

"ಸರಿ, ಅಷ್ಟು ಜನ ಇದ್ರೆ ಕಾನೂನು ಅನ್ವಯಿಸತ್ತೆ. ಆದ್ರೆ ನೀವಾಗೇ ಬಿಟ್ರಿ ಅಂತ ಅವರು ವಾದ ಮಾಡ್ತಾರೆ. ಉಡಿ ಹಿಡಿದೋರು ಬಂದು ಅಲ್ಲ ಅಂದ್ರೆ ಬಲ ಬರತ್ತೆ. ನಾಳೆ ಹತ್ತು ಗಂಟೆಗೆ ನಾನು ಶೆಡ್ಡಿಗೇ ಬರ್ತೀನಿ. ಮಾಲೀಕರಿಗೂ ಹೇಳ್ತೀನಿ."

ಉಡಿ ಹಿಡಿದವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಓಣಿಯ ಮುಂದೆ ನಗುತ್ತ ಸೆರಗೊಡ್ಡಿದ ಮುದುಕಿ ಮಾಲೀಕನ ಮುಂದೆ ನಿಂತು ಮಾತಾಡುತ್ತಾಳೆಯೇ?

"ಅತ್ತಿ, ಉಡಿ ತಿರುಗಿ ಕೊಡೂದು ಬ್ಯಾಡ. ಮನ್ಯಾಗೇ ಇರ್ಲಿ. ನಾಳೆ ಹತ್ತಕ್ಕ ನನ್ ಕೂಡ ಶೆಡ್ಡಿಗೆ ಬಂದು ಲೇಬರ್ ಮೇಡಂ ಮುಂದ ಒಂದೇ ಮಾತು ಹೇಳ್ರಿ. ಕೂಸಿಗೆ ಆಶೀರ್ವಾದ ಅಂತ ಉಡಿ ತಗೊಂಡೀನಿ, ಸೊಸಿ ಕೆಲಸ ಬಿಟ್ಟಿಲ್ಲ ಅಂತ."

ದ್ಯಾಮಮ್ಮ ಒಲೆಯೊಳಗಿನ ಕೊಳ್ಳಿಯನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದಳು.

"ಎಷ್ಟ್ ಗಂಟೆಗೆ ಅಂದಿ?"

"ಹತ್ತಕ್ಕ, ಅತ್ತಿ."

"ಹಂಗಾದ್ರ ರೊಟ್ಟಿ ಲಗೂನ ಬಡೀಬೇಕು."